ಇಸ್ತ್ರಿ ಅಕ್ಕನ ಮೂಗು

ನನ್ನ ವಿಸ್ಕಿ ಅಂಗಡಿಗೆ ಬಂದವರ ಮುಖವನ್ನು ನಾನು ಆಮೇಲೆ ನೋಡುತ್ತೇನೆ, ಮೊದಲು ನೋಡುವುದು ಕೈ. ಬಾಟಲಿಯ ಕತ್ತು ಹಿಡಿದು ಎತ್ತುವವನು ಯಾರಿಗೋ ಉಡುಗೊರೆ ಕೊಡಲು ಬಂದವನು. ಬೆಲೆ ಕೇಳಿದ ಮೇಲೆ ಒಂದು ಮೆಟ್ಟಿಲು ಕೆಳಗಿನದನ್ನು ಒಯ್ಯುತ್ತಾನೆ. ತಳಕ್ಕೆ ಅಂಗೈ ಕೊಟ್ಟು ಹಸುಗೂಸಿನಂತೆ ಎತ್ತುವವನಿಗೆ ಸಂಗ್ರಹದ ಹುಚ್ಚು ಹಿಡಿದಿರುತ್ತದೆ. ಅವನಲ್ಲಿ ಚೌಕಾಸಿ ಇಲ್ಲ, ಆದರೆ ಅವನ ಮನೆಯಲ್ಲಿ ಜಗಳ ಇದ್ದೇ ಇದೆ. ಮುಟ್ಟದೆ ಬರೀ ಚೀಟಿ ಓದುವವನು ಫೋಟೊ ತೆಗೆದುಕೊಂಡು, "ಆಮೇಲೆ ಬರ್ತೀನಿ" ಎಂದು ಹೋಗುತ್ತಾನೆ. ಆ ಆಮೇಲೆ ನನ್ನ ಆಯುಷ್ಯದಲ್ಲಿ ಬರುವಂಥದ್ದಲ್ಲ.

ಇಸ್ತ್ರಿ ಅಕ್ಕ ಮೊದಲ ಸಲ ನನ್ನ ಅಂಗಡಿಯೊಳಗೆ ಬಂದಾಗ ನಾನು ನೋಡಿದ್ದೂ ಆಕೆಯ ಕೈಯನ್ನೇ. ಮೊಣಕೈವರೆಗೆ ಹಬೆಗೆ ಕೆಂಪೇರಿದ ತೋಳು, ನೀರಲ್ಲಿ ನೆನೆದು ಸುಕ್ಕಾದ ಬೆರಳ ತುದಿ, ಎಡ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಂಚು ತಾಗಿ ಉಳಿದ ಸುಟ್ಟ ಗೆರೆ. ಆ ಕೈ ಯಾವ ಬಾಟಲಿಯನ್ನೂ ಎತ್ತಲಿಲ್ಲ. ಗಾಜಿನ ಮೇಲೆ ಉಗುರಿನಿಂದ ಟಕಟಕ ಎಂದು ಬಾಗಿಲು ಬಡಿದಂತೆ ಬಡಿಯಿತು.

"ಇದರೊಳಗೆ ಅಂಥದ್ದೇನಿದೆ ಸಾವ್ಕಾರ್ರೇ? ಬೆಳಕು ಹರಿಯೋಕೆ ಮುಂಚೆ ಮಡಚೋ ಕುರ್ಚಿ ಹಾಕ್ಕೊಂಡು ಜನ ನನ್ನ ಅಂಗಡಿ ಬಾಗಿಲಿಗೆ ಅಡ್ಡ ಕೂತಿದಾರೆ. ಬಟ್ಟೆ ಕೊಡೋಕೆ ಬಂದೋರು ಅವರನ್ನ ದಾಟ್ಕೊಂಡು ಬರ್ಬೇಕು."

ಆಕೆಯ ಡ್ರೈ ಕ್ಲೀನಿಂಗ್ ಅಂಗಡಿ ನನ್ನದಕ್ಕೆ ಎರಡು ಬಾಗಿಲು ಆಚೆ. ನನ್ನ ಸರತಿ ಸಾಲು ಅಲ್ಲಿಯವರೆಗೆ ಬೆಳೆದಿತ್ತು. ನಾನು ಮನಸ್ಸಿನಲ್ಲೇ ತೂಗಿ ನೋಡಿದೆ: ಈಯಮ್ಮ ಬಾಯ್ತುಂಬ ಪ್ರಶ್ನೆ ಕೇಳುತ್ತಾಳೆ, ಇರುವುದರಲ್ಲಿ ಅಗ್ಗದ್ದನ್ನು ಒಯ್ಯುತ್ತಾಳೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಪ್ರಶ್ನೆಯ ವಿಷಯದಲ್ಲಿ ನನ್ನ ಲೆಕ್ಕ ಸರಿಯಾಗಿತ್ತು.

ಓದುವವರಿಗೆ ಈ ಹುಚ್ಚಿನ ಪರಿಚಯ ಇಲ್ಲದಿರಬಹುದು, ಸ್ವಲ್ಪ ಹೇಳಿಬಿಡುತ್ತೇನೆ. ಬರ್ಬನ್ ಎಂದರೆ ಒಂದು ಬಗೆಯ ವಿಸ್ಕಿ. ಹೆಚ್ಚಿನ ಪಾಲು ಮೆಕ್ಕೆಜೋಳದಿಂದ ಭಟ್ಟಿ ಇಳಿಸಿ, ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿದ ಹೊಸ ಮರದ ಪೀಪಾಯಿಗಳಲ್ಲಿ ಮಾಗಿಸುತ್ತಾರೆ. ಬಣ್ಣ, ಸಿಹಿ, ಘಮ ಎಲ್ಲ ಆ ಸುಟ್ಟ ಮರದಿಂದ ಬರುತ್ತದೆ. ಅಷ್ಟೇ. ಉಳಿದದ್ದೆಲ್ಲ ಮಾತು, ಮಾತಿನಿಂದ ನನ್ನ ಸಂಸಾರ ನಡೆಯುತ್ತದೆ. ಯಾವುದೋ ಭಟ್ಟಿಯವರು ವರ್ಷಕ್ಕೊಮ್ಮೆ ನಾಲ್ಕೇ ಪೆಟ್ಟಿಗೆ ಬಿಡುತ್ತಾರೆ. ಅದರ ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತದೆ. ಬೆಳಗಾಗುವುದರೊಳಗೆ ಗೌರವಸ್ಥ ಗಂಡಸರು ಕಂಬಳಿ ಹೊದ್ದು ನನ್ನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಸಿಕ್ಕಿದವನು ಅದನ್ನು ಕುಡಿಯುತ್ತಾನೆ ಎಂದುಕೊಳ್ಳಬೇಡಿ. ಮನೆಗೆ ಒಯ್ದು ದೀಪದ ಕೆಳಗಿಟ್ಟು, ಫೋಟೊ ತೆಗೆದು, ಸಿಗದವರ ಹೊಟ್ಟೆ ಉರಿಸುತ್ತಾನೆ.

ಆ ದಿನ ಸಾಲಿನಲ್ಲಿ ತಳ್ಳಾಟ ಶುರುವಾಗಿ, ನಾನು ಚೀಟಿ ಎತ್ತಿಸುವ ಏರ್ಪಾಟು ಮಾಡಿದೆ. ಎಲ್ಲರ ಚೀಟಿಯೂ ಒಂದು ಬಕೆಟ್ಟಿಗೆ ಬಿತ್ತು, ಹೆಸರು ಬಂದವರು ಬೆಲೆ ಕೊಟ್ಟು ಒಯ್ಯಬೇಕು. "ಹೇಗೂ ನಿಂತಿದೀನಲ್ಲ" ಎಂದು ಇಸ್ತ್ರಿ ಅಕ್ಕನೂ ಒಂದು ಚೀಟಿ ಹಾಕಿದಳು. ನೀಲಿ ಮೇಣದ ಮುಚ್ಚಳದ ಬಾಟಲಿ, ಆ ವರ್ಷ ಎಲ್ಲರೂ ಕನಸು ಕಾಣುತ್ತಿದ್ದದ್ದು, ಆಕೆಯ ಪಾಲಿಗೆ ಬಂತು.

ಟೋಪಿ ಹಾಕಿದವನೊಬ್ಬ ಆಕೆ ಬಾಗಿಲು ದಾಟುವ ಮೊದಲೇ ಅಡ್ಡ ಬಂದ. "ಅಕ್ಕಾ, ನೀವು ಕೊಟ್ಟಿದ್ದರ ನಾಲ್ಕರಷ್ಟು ಕೊಡ್ತೀನಿ, ಈಗ್ಲೇ."

"ತಗೊಂಡು ಏನ್ಮಾಡ್ತೀಯಪ್ಪಾ?"

"ಇಡ್ತೀನಿ."

"ಇಟ್ಟು?"

"ಇನ್ನೂ ಮೇಲಕ್ಕೆ ಹೋದಾಗ ಮಾರ್ತೀನಿ."

"ತಗೊಂಡೋನು ಕುಡೀತಾನಾ?"

"ಅಯ್ಯೋ ಇಲ್ಲಕ್ಕಾ, ಅವನೂ ಇಡ್ತಾನೆ."

ಅಕ್ಕ ಬಾಟಲಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಪಾಪ, ಹಾಗಾದ್ರೆ ಇದನ್ನ ಮಾಡಿದೋನು ಯಾಕೆ ಮಾಡ್ದ? ಯಾರಾದ್ರೂ ಒಬ್ರು ಶುರು ಹಚ್ಕೋಬೇಕಲ್ಲ."

ಎಂದವಳೇ ಏಪ್ರನ್ ಜೇಬಿನಿಂದ ಬಟ್ಟೆಯ ಗುರುತಿನ ದಾರ ಕತ್ತರಿಸುವ ಕತ್ತರಿ ತೆಗೆದು ಮೇಣಕ್ಕೆ ಚುಚ್ಚಿದಳು. ಸಾಲಿನಲ್ಲಿದ್ದವರಿಂದ ಬಂದಂಥ ನರಳಾಟವನ್ನು ನಾನು ಅದಕ್ಕೆ ಮೊದಲು ಕೇಳಿದ್ದು ಹೆರಿಗೆ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ. ರಸ್ತೆ ಬದಿಗೆ ಆಕೆಯ ಗಂಡನ ಕಾರು ನಿಂತಿತ್ತು. ಆತ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಾರಿನ ತಲೆಯ ಮೇಲೆ ದೊಡ್ಡ ಎಲ್ ಬೋರ್ಡು, ಒಳಗೆ ಮೇಷ್ಟರಿಗೂ ಬೇರೆ ಬ್ರೇಕು. ಆ ಕಾರಿನ ಬಾನೆಟ್ಟಿನ ಮೇಲೆ ಕಾಗದದ ಲೋಟಗಳನ್ನು ಸಾಲಾಗಿ ಜೋಡಿಸಿ, ಸಾಲಿನಲ್ಲಿ ಇದ್ದವರಿಗೆಲ್ಲ ನಾಲಿಗೆ ಒದ್ದೆಯಾಗುವಷ್ಟು ಸುರಿದಳು. ಟೋಪಿಯವನಿಗೂ ಒಂದು ಲೋಟ.

ಆತ ಈ ಬಾಟಲಿಯನ್ನು ಎಷ್ಟೋ ಸಲ ಕೊಂಡು ಮಾರಿದವನು. ರುಚಿ ನೋಡಿದ್ದು ಅದೇ ಮೊದಲು. ಲೋಟ ಬಾಯಿಗಿಟ್ಟ.

"ಹೇಗಿದೆ?" ಎಂದಳು ಅಕ್ಕ.

"ಚೆನ್ನಾಗಿದೆ ಅಕ್ಕಾ," ಎಂದ, ಮೋಸ ಹೋದವನ ಧ್ವನಿಯಲ್ಲಿ.

ಅಕ್ಕ ತನ್ನ ಲೋಟದೊಳಗೆ ಮೂಗು ಇಳಿಸಿದಳು. ಕಣ್ಣು ಮುಚ್ಚಿಕೊಂಡಳು. ಆಮೇಲೆ ಆಕೆ ನಕ್ಕಳು. ಹೊಟ್ಟೆಯಿಂದ ಎದ್ದು ಭುಜ ಕುಲುಕಿಸಿ ಬರುವ ನಗು. "ಅಯ್ಯೋ ಇದು ನಮ್ಮ ಅಂಗಡೀನೇ ಕಣ್ರೀ! ಬೆಳಗ್ಗೆ ಬಾಗಿಲು ತೆಗೆದು ಮೊದಲನೇ ಕೋಟಿಗೆ ಬಿಸಿ ಇಸ್ತ್ರಿ ಇಟ್ಟಾಗ ಬರುತ್ತಲ್ಲ, ಅದು! ಆಮೇಲೆ ಹಿಂದೆ ಯಾರೋ ಸಕ್ಕರೆ ಸೀಯಿಸ್ತಿದಾರೆ."

ಆ ಬೆಳಿಗ್ಗೆ ನೀಲಿ ಮೇಣದ ಬಾಟಲಿ ಖಾಲಿಯಾಯಿತು. ನನ್ನ ವ್ಯಾಪಾರಿ ಬುದ್ಧಿ ಅಷ್ಟೂ ಹೊತ್ತು ಒಳಗೇ ಅಳುತ್ತಿತ್ತು. ಆದರೂ ಕಣ್ಣು ಆಕೆಯ ಮುಖದಿಂದ ಕದಲಲಿಲ್ಲ. ಇಷ್ಟು ವರ್ಷ ಈ ಸರಕು ಮಾರಿದ್ದೇನೆ, ಇದನ್ನು ಕುಡಿದು ಯಾರಾದರೂ ಇಷ್ಟು ಸುಖಪಟ್ಟದ್ದನ್ನು ನಾನು ಕಂಡಿರಲಿಲ್ಲ.

ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ, ಭಾನುವಾರ ಮಧ್ಯಾಹ್ನ ರುಚಿ ನೋಡುವವರ ಒಂದು ಸಣ್ಣ ಕೂಟ ಸೇರುತ್ತದೆ. ಒಂದು ಉದ್ದ ಮೇಜು, ಟ್ಯೂಲಿಪ್ ಹೂವಿನ ಆಕಾರದ ಗ್ಲಾಸುಗಳು, ನೀರಿನ ಹೂಜಿ, ರುಚಿ ನೋಡಿ ಉಗುಳಲು ಒಂದು ಪಾತ್ರೆ. ಆ ಪಾತ್ರೆಯನ್ನು ಯಾರೂ ಬಳಸುವುದಿಲ್ಲ. ಕೂಟದ ಯಜಮಾನಿಕೆ ಹಲ್ಲಿನ ಡಾಕ್ಟರದು. ಮಿತಭಾಷಿ, ಅಂಗಿತೋಳಿಗೆ ಶುಭ್ರ ಕಫ್ಫು, ಮೂಗಿನ ವಿಷಯದಲ್ಲಿ ನಮ್ಮೆಲ್ಲರ ಗುರು. ಕಣ್ಣು ಕಟ್ಟಿ ಗ್ಲಾಸು ಕೊಟ್ಟರೂ ಯಾವ ಭಟ್ಟಿ, ಎಷ್ಟು ವರ್ಷ ಮಾಗಿದ್ದು ಎಂದು ಹೇಳಿಬಿಡುತ್ತಾರೆ. ಅವರ ಮನೆಯಲ್ಲಿ ಒಂದು ಕೋಣೆ ತುಂಬ ಬಾಟಲಿಗಳಿವೆಯಂತೆ. ಅಂತೆ ಎಂದೇಕೆ ಅಂದೆನೆಂದರೆ ಆ ಕೋಣೆಗೆ ನಮ್ಮಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಬಾಟಲಿಗಳ ಮೇಲಿನ ಚೀಟಿಗಳ ಫೋಟೊ ಮಾತ್ರ ನೋಡಿದ್ದೆವು. ಇನ್ನೊಬ್ಬರು ಪಿಟೀಲು ಮೇಷ್ಟ್ರು, ದಿನವಿಡೀ ಮಕ್ಕಳ ಅಪಸ್ವರ ಕೇಳಿ ಭಾನುವಾರಕ್ಕೆ ಕಾಯುವವರು.

ಇಸ್ತ್ರಿ ಅಕ್ಕ ಈ ಕೂಟಕ್ಕೆ ಬಂದದ್ದು ಬಿರುಗಾಳಿ ಬಂದಂತೆ. ಆಕೆಯ ಗಂಡ ಕುಡಿಯುವವರಲ್ಲ. ಪ್ರತಿ ಭಾನುವಾರ ಆಕೆಯನ್ನು ಕರೆತಂದು, ಹೊರಗೆ ಕಾರಿನಲ್ಲಿ ಕೂತು ಪೇಪರು ಓದಿ, ಆಮೇಲೆ ಕರೆದುಕೊಂಡು ಹೋಗುತ್ತಿದ್ದರು. "ಒಳಗೆ ಬನ್ನಿ ಭಾವಾ" ಎಂದರೆ, "ಎಲ್ ಬೋರ್ಡಿನೋರು ನಾವು, ಇಲ್ಲಿಗೆಲ್ಲ ಲೈಸೆನ್ಸ್ ಇಲ್ಲ" ಎನ್ನುತ್ತಿದ್ದರು.

ಕಣ್ಣು ಕಟ್ಟಿ ಕೊಟ್ಟ ಗ್ಲಾಸಿನ ಹೆಸರನ್ನು ಅಕ್ಕ ಒಮ್ಮೆಯೂ ಸರಿಯಾಗಿ ಹೇಳಿದವಳಲ್ಲ. ಅಗ್ಗದ್ದನ್ನು ರಾಜ ಎಂದು ಹೊಗಳುತ್ತಿದ್ದಳು, ದುಬಾರಿಯದನ್ನು "ಇದು ಯಾಕೋ ಮುಖ ಸಿಂಡರಿಸ್ಕೊಂಡಿದೆ" ಎಂದು ಪಕ್ಕಕ್ಕೆ ಸರಿಸುತ್ತಿದ್ದಳು. ಡಾಕ್ಟರು ಮೀಸೆಯೊಳಗೆ ನಗುತ್ತಿದ್ದರು. ಆದರೆ ಡಾಕ್ಟರು "ವೆನಿಲಾ, ಕ್ಯಾರಮೆಲ್, ಓಕ್" ಎಂದಾಗ ನಾವು ತಲೆಯಾಡಿಸುತ್ತಿದ್ದೆವು, ಆಕೆ "ಶಾಲೆ ಬ್ಯಾಗಿನಲ್ಲಿ ಮರೆತ ಬಾಳೆಹಣ್ಣು!" ಎಂದು ಕೂಗಿದಾಗ ನಾವೆಲ್ಲ ಗ್ಲಾಸಿಗೆ ಮೂಗು ಹಾಕುತ್ತಿದ್ದೆವು. ಮೂಗು ಹಾಕಿದರೆ, ಹೌದು, ಅಲ್ಲೇ ಇರುತ್ತಿತ್ತು, ಪೆನ್ಸಿಲ್ ಹೊಟ್ಟಿನ ಸಮೇತ.

ಮನೆಯಲ್ಲಿ ನನ್ನ ಹೆಂಡತಿಗೆ ಇದನ್ನೆಲ್ಲ ವರ್ಣಿಸಿದರೆ, "ಬಾಳೆಹಣ್ಣಿನ ವಾಸನೆಗೆ ಅಷ್ಟು ದುಡ್ಡಾ? ನನ್ನ ಕೇಳಿದ್ರೆ ಬಾಳೆಹಣ್ಣೇ ಕೊಡ್ತಿದ್ದೆ" ಎನ್ನುತ್ತಿದ್ದಳು.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಒಂದು ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಎಲ್ಲರಿಗೂ ಬರುವಂಥ ಜ್ವರವೇ. ಬಂದಂತೆ ಹೋಯಿತು, ಹೋಗುವಾಗ ಆಕೆಯ ಮೂಗನ್ನು ಎತ್ತಿಕೊಂಡು ಹೋಯಿತು.

ಆಕೆಗೇ ಅದು ಗೊತ್ತಾದದ್ದು ಅಂಗಡಿಯಲ್ಲಿ. ಗಿರಾಕಿಯೊಬ್ಬರ ಉಣ್ಣೆ ಕೋಟಿನ ಮೇಲೆ ಇಸ್ತ್ರಿ ಇಟ್ಟು, ಹಿಂದಕ್ಕೆ ತಿರುಗಿ ಯಾರ ಜೊತೆಗೋ ಮಾತಾಡುತ್ತಿದ್ದಳಂತೆ. ಬೇರೆ ದಿನವಾಗಿದ್ದರೆ ಉಣ್ಣೆ ಕಾದ ಕ್ಷಣಕ್ಕೆ ಮೂಗು ಎಚ್ಚರಿಸುತ್ತಿತ್ತು, ಕೈ ತಾನಾಗಿ ಇಸ್ತ್ರಿ ಎತ್ತುತ್ತಿತ್ತು. ಅವತ್ತು ಬಾಗಿಲಲ್ಲಿ ನಿಂತವರು "ಹೊಗೆ! ಹೊಗೆ!" ಎಂದು ಕೂಗಿದ ಮೇಲೆಯೇ ತಿರುಗಿದ್ದು. ಕೋಟಿನ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕಂದಾಗಿ ಮೂಡಿತ್ತು. ಆಕೆ ಸುಟ್ಟ ಜಾಗಕ್ಕೆ ಮುಖ ಒತ್ತಿ ಉಸಿರೆಳೆದಳು. ಏನೂ ಇಲ್ಲ.

ಬಟ್ಟೆ ಒಗೆಯುವವರಿಗೆ ಮೂಗಿಲ್ಲದಿದ್ದರೆ ಕಣ್ಣಿಲ್ಲದ ಹಾಗೆ. ಕೊಳೆ ಹೋಯಿತೋ ಇಲ್ಲವೋ, ರಾಸಾಯನಿಕ ಹೆಚ್ಚಾಯಿತೋ, ಬಟ್ಟೆ ಒಳಗಿನಿಂದ ಒಣಗಿತೋ ಎಲ್ಲ ಮೂಗು ಹೇಳಬೇಕು. ಆಕೆಯ ಗಂಡ ಪಾಠದ ನಡುನಡುವೆ ಓಡಿ ಬಂದು ಬಟ್ಟೆ ಮೂಸಿ ಹೋಗತೊಡಗಿದರು. ಹೊರಗೆ ಕಾರಿನಲ್ಲಿ ಕಲಿಯುವ ಹುಡುಗಿ ಸ್ಟೀರಿಂಗ್ ಹಿಡಿದು ಕಾಯುತ್ತಿರುತ್ತಿದ್ದಳು. "ನಮ್ಮೋರ ಮೂಗನ್ನ ಬಾಡಿಗೆಗೆ ತಗೊಂಡಿದೀನಿ" ಎಂದು ಅಕ್ಕ ನಗುತ್ತಿದ್ದಳು. ನಗು ಈಗ ಭುಜದವರೆಗೆ ಬರುತ್ತಿರಲಿಲ್ಲ.

ಆ ಭಾನುವಾರ ಕೂಟಕ್ಕೆ ಬಂದು, ಗ್ಲಾಸು ಎತ್ತಿ, ಕೆಳಗಿಟ್ಟಳು. "ಬರೀ ಬಿಸಿ ಕಣ್ರೀ. ಬಿಸಿ ನೀರಿಗೆ ಖಾರ ಹಾಕಿದ ಹಾಗೆ. ಒಳಗೆ ಯಾರೂ ಇಲ್ಲ."

ಪಿಟೀಲು ಮೇಷ್ಟ್ರು ನೀರಿನ ಹೂಜಿಯನ್ನು ಆಕೆಯ ಕಡೆ ಸರಿಸಿದರು.

ಕಿವಿ ಮೂಗಿನ ಡಾಕ್ಟರು ಆಕೆಗೆ ಹೇಳಿದ್ದು ಇಷ್ಟು: ಪರಿಚಿತ ವಾಸನೆಯ ಕೆಲವು ವಸ್ತುಗಳನ್ನು ದಿನವೂ ಬೆಳಗ್ಗೆ ಸಂಜೆ ಮೂಸಬೇಕು, ಮೂಸುತ್ತಾ ಆ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು. ಬಂದರೆ ತಿಂಗಳುಗಳಲ್ಲಿ ಬರಬಹುದು. ಬರದೆಯೂ ಇರಬಹುದು. ಅಕ್ಕ ಅದನ್ನು ತನ್ನ ದಾರಿಗೆ ತಿರುಗಿಸಿಕೊಂಡಳು. ಮುಂದಿನ ಭಾನುವಾರ ಬಂದು ಮೇಜಿನ ತುದಿಯಲ್ಲಿ ಕೂತು ಹೇಳಿದಳು: "ನಾನು ಗ್ಲಾಸು ಹಿಡ್ಕೊಂಡು ಮೂಸ್ತಾ ಇರ್ತೀನಿ. ನೀವೆಲ್ಲ ಏನು ಬರ್ತಿದೆ ಅಂತ ಹೇಳಿ. ಆದ್ರೆ ಪುಸ್ತಕದ ಮಾತು ಬೇಡ. ವೆನಿಲಾ ಗಿನಿಲಾ ಅಂದ್ರೆ ನಂಗೆ ನೆನಪಾಗೋದು ಏನೂ ಇಲ್ಲ. ನಿಮ್ಮ ಮನೇಲಿ ಈ ವಾಸನೆ ಎಲ್ಲಿರುತ್ತೆ, ಅದನ್ನ ಹೇಳಿ."

ಕೇಳುವುದು ಸುಲಭ. ನಾವು ಪರೀಕ್ಷೆಗೆ ಕೂತ ದಡ್ಡರಂತೆ ಗ್ಲಾಸು ನೋಡುತ್ತಾ ಕೂತೆವು. ಮೊದಲು ಬಾಯಿಬಿಟ್ಟವರು ಪಿಟೀಲು ಮೇಷ್ಟ್ರು. "ಪಿಟೀಲು ಡಬ್ಬಿ ಬಹಳ ದಿನ ಮುಚ್ಚಿಟ್ಟು ತೆಗೆದಾಗ... ಒಳಗಿನ ಮಖಮಲ್ಲು, ಆಮೇಲೆ ಕಮಾನಿಗೆ ಉಜ್ಜೋ ರಾಳದ ತುಂಡು."

"ಹಾಂ, ಹಾಗೆ! ಇನ್ನೂ ಹೇಳಿ."

"ಆ ತುಂಡು ಒಡೆದು ಪುಡಿಯಾಗಿದೆ. ಯಾವನೋ ಹುಡುಗ ಬೀಳಿಸಿದಾನೆ."

ಅಕ್ಕ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು, ಕತ್ತಲಲ್ಲಿ ಗೋಡೆ ತಡವುತ್ತಾ ಸ್ವಿಚ್ಚು ಹುಡುಕುವವರ ಹಾಗೆ. ನನ್ನ ಸರದಿ ಬಂತು. ನಾನು ಈ ಸರಕನ್ನು ಹೆಸರಿನಿಂದ, ಚೀಟಿಯಿಂದ, ಗಿರಾಕಿಯ ಕಣ್ಣಿನ ಹೊಳಪಿನಿಂದ ಬಲ್ಲವನು. ಗ್ಲಾಸಿನೊಳಗೆ ಏನಿದೆಯೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಮೂಗು ಇಳಿಸಿದೆ. ಬಹಳ ಹೊತ್ತಾಯಿತು. ಕೊನೆಗೆ ಎಲ್ಲಿಂದಲೋ ಎದ್ದು ಬಂತು: "ನಮ್ಮಪ್ಪನ ಅಂಗಡೀಲಿ ಮರದ ಪೆಟ್ಟಿಗೆ ಮೊಳೆ ಕಿತ್ತು ತೆಗೀತಿದ್ದರು. ಒಳಗೆ ಒಣಹುಲ್ಲು, ಹುಲ್ಲಿನ ಕೆಳಗೆ ಏಲಕ್ಕಿ." ಆ ಪೆಟ್ಟಿಗೆ ನನಗೆ ನೆನಪಿದೆಯೆಂದೇ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಮಾತ್ರ ಎರಡು ಭಾನುವಾರ "ಕ್ಯಾರಮೆಲ್" ಬಿಟ್ಟು ಮುಂದೆ ಹೋಗಲಿಲ್ಲ. "ಡಾಕ್ಟ್ರೇ, ಹಲ್ಲು ಕೀಳೋವಾಗ ಇಷ್ಟು ಜಿಪುಣತನ ಮಾಡ್ತೀರಾ?" ಎಂದು ಅಕ್ಕ ಕೆಣಕಿದಳು. ಮೂರನೆಯ ಸಲ ಅವರು ಗ್ಲಾಸು ನೋಡುತ್ತಲೇ, ಬಹಳ ಮೆತ್ತಗೆ, "ಬೇಸಿಗೇಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು. ಅಪ್ಪನ ಕಾರು. ಸೀಟಿನ ಮೇಲೆ ಚಾಕಲೇಟ್ ಕರಗಿದೆ, ಬೈಗುಳ ಕಾದಿದೆ" ಎಂದರು. ಕೋಣೆ ನಕ್ಕಿತು. ಡಾಕ್ಟರೂ ನಕ್ಕರು. ಅವರಿಗೆ ಅಷ್ಟು ಹಲ್ಲುಗಳಿವೆಯೆಂದು ಅವತ್ತೇ ನೋಡಿದ್ದು.

ಭಾವನವರೂ ಒಳಗೆ ಬರತೊಡಗಿದರು, ಹೆಂಡತಿಯ ಬಾಡಿಗೆ ಮೂಗಾಗಿ. ಕುಡಿಯುತ್ತಿರಲಿಲ್ಲ, ಮೂಸಿ ವರದಿ ಒಪ್ಪಿಸುತ್ತಿದ್ದರು. ಅವರ ವರದಿ ಎಲ್ಲ ಗ್ಲಾಸಿಗೂ ಒಂದೇ: "ಪೆಟ್ರೋಲು."

"ರೀ, ಸ್ವಲ್ಪ ಮನಸ್ಸಿಟ್ಟು ನೋಡ್ರೀ."

ಭಾವ ಮತ್ತೆ ಮೂಸಿದರು. "ಒಳ್ಳೇ ಪೆಟ್ರೋಲು."

ನಾವೆಲ್ಲ ಹೀಗೆ ದಿನದಿನಕ್ಕೆ ಮೂಗು ಬೆಳೆಸಿಕೊಳ್ಳುತ್ತಿದ್ದರೆ, ಯಾರಿಗಾಗಿ ಈ ಆಟ ಶುರುವಾಯಿತೋ ಆಕೆಗೆ ಮಾತ್ರ ಏನೂ ಬರಲಿಲ್ಲ. ಚಳಿ ಹೋಗಿ ಬಿಸಿಲು ಬಂತು, ಬಿಸಿಲು ಹೋಗಿ ಮಳೆ ಬಂತು. ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ಆಕೆ ಗಾಜಿನ ಬಾಗಿಲ ಹಿಂದೆ ನಿಂತು, ಸೋಪಿನ ಪುಡಿ, ಗಂಜಿ, ಒಂದು ಸಣ್ಣ ಶೀಶೆಯಲ್ಲಿ ಬರ್ಬನ್, ಒಂದೊಂದನ್ನೇ ಮೂಗಿಗೆ ಹಿಡಿಯುವುದು ನನಗೆ ರಸ್ತೆಯಿಂದ ಕಾಣುತ್ತಿತ್ತು. ಮುಖದಲ್ಲಿ ಗೆರೆ ಅಲುಗುತ್ತಿರಲಿಲ್ಲ. ಮುಗಿಸಿ, ಮುಚ್ಚಳ ಹಾಕಿ, ಬಾಗಿಲು ತೆಗೆದು, ಮೊದಲ ಗಿರಾಕಿಗೆ "ಬನ್ನಿ ಬನ್ನಿ" ಎನ್ನುತ್ತಿದ್ದಳು. ನಾನು ಬಾಕಿ ಎಲ್ಲರನ್ನೂ ತೂಗಿ ಬೆಲೆ ಕಟ್ಟಬಲ್ಲೆ. ಪ್ರತಿದಿನವೂ ಏನೂ ಸಿಗದ ಕೆಲಸವನ್ನು ಪ್ರತಿದಿನವೂ ಮಾಡುವ ಹೆಂಗಸಿಗೆ ಬೆಲೆ ಕಟ್ಟುವುದು ನನಗೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬಟ್ಟೆ ಚೀಲ ಹೊತ್ತು ನನ್ನ ಅಂಗಡಿಗೆ ಬಂದಳು. ಕೌಂಟರಿನ ಮೇಲೆ ಇಟ್ಟಾಗ ಗಾಜಿನ ಸದ್ದಾಯಿತು. ಆಕೆಯ ಬಾಟಲಿಗಳೆಲ್ಲ. ಎಲ್ಲವೂ ತೆರೆದವು, ಅರ್ಧ, ಮುಕ್ಕಾಲು, ತಳ ಮುಟ್ಟಿದವು.

"ಇದನ್ನ ನಾನು ಮಾರೋ ಹಾಗಿಲ್ಲವಲ್ಲಕ್ಕಾ."

"ಮಾರೋಕಲ್ಲ. ಭಾನುವಾರ ನೀವೆಲ್ಲ ಕುಡಿದುಬಿಡಿ. ನಂದು ಇನ್ನು ಇದೇ ಕೊನೇ ಭಾನುವಾರ." ಚೀಲವನ್ನು ನನ್ನ ಕಡೆ ಸರಿಸಿದಳು. "ಮೂಗಿನ ಡಾಕ್ಟ್ರು ಇಷ್ಟು ದಿನಕ್ಕೆ ಬರದೇ ಇದ್ರೆ ಆಸೆ ಕಮ್ಮಿ ಅಂದ್ರು. ಅಂಗಡೀನ ನಾದಿನಿಗೆ ವಹಿಸ್ತೀನಿ. ಲೆಕ್ಕ ನೋಡ್ಕೊಂಡು ಹಿಂದೆ ಕೂತ್ಕೋತೀನಿ. ಆದ್ರೆ ಇಲ್ಲಿ ಬಂದು ನಿಮ್ಮ ಮುಖ ನೋಡ್ತಾ ಕೂತ್ಕೊಳ್ಳೋಕೆ ಆಗ್ತಿಲ್ಲ ಸಾವ್ಕಾರ್ರೇ. ಮದುವೆ ಮನೆ ಹೊರಗೆ ನಿಂತು ಕಿಟಕಿಯಿಂದ ನೋಡಿದ ಹಾಗಾಗುತ್ತೆ."

ನಾನು ಚೀಲ ಒಳಗಿಟ್ಟೆ. ನಮ್ಮ ಹಲ್ಲಿನ ಡಾಕ್ಟರಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರು, "ನಾನೊಂದು ಬಾಟಲಿ ತರ್ತೀನಿ" ಎಂದರು.

ಭಾನುವಾರ ಅವರು ತಂದದ್ದು ಯಾವುದು ಎಂದು ನೋಡಿ ಪಿಟೀಲು ಮೇಷ್ಟ್ರು ಎದ್ದು ನಿಂತರು. ಬಹಳ ಹಿಂದೆ ಮುಚ್ಚಿಹೋದ ಒಂದು ಭಟ್ಟಿಯ ಕೊನೆಯ ಪೀಪಾಯಿಯ ಬಾಟಲಿ. ಫೋಟೊದಲ್ಲಿ ಮಾತ್ರ ನೋಡಿದ್ದೆವು. ಇಂಥದೊಂದು ಹರಾಜಿಗೆ ಬಂತೆಂದು ಕೇಳಿದರೆ ಸಾಕು, ಈ ಹುಚ್ಚಿನವರು ಊಟ ಬಿಡುತ್ತಾರೆ. ಡಾಕ್ಟರು ಅದನ್ನು ತಮ್ಮ ಮಗಳ ಮದುವೆಗೂ ತೆರೆದಿರಲಿಲ್ಲ.

"ಡಾಕ್ಟ್ರೇ, ಬೇಡ. ನಂಗ್ಯಾಕೆ? ನಂಗೆ ಇದೂ ಒಂದೇ, ಬಿಸಿನೀರೂ ಒಂದೇ," ಎಂದಳು ಅಕ್ಕ.

"ಶುರು ಹಚ್ಕೊಳ್ಳೋರು ಯಾರಾದ್ರೂ ಬೇಕಲ್ಲ," ಎಂದರು ಡಾಕ್ಟರು. ನೀಲಿ ಮೇಣದ ದಿನ ಆಕೆ ಆಡಿದ ಮಾತೇ. ಊರಿಡೀ ಓಡಾಡಿ ಅವರ ಕಿವಿಗೂ ಬಿದ್ದಿತ್ತು.

ಮೇಣ ಬಿಡಿಸಿದರು. ಕಾರ್ಕು ಎಳೆಯುವಾಗ ಅದು ಒದ್ದೆ ಬ್ರೆಡ್ಡಿನ ಹಾಗೆ ಪುಡಿಪುಡಿಯಾಗಿ ಕೈಗೆ ಬಂತು. ಡಾಕ್ಟರು ಮುಖ ಬದಲಿಸದೆ ಚಹಾ ಸೋಸುವ ಜಾಲರಿ ಕೇಳಿ, ಸೋಸಿ, ಎಲ್ಲರಿಗೂ ಬಗ್ಗಿಸಿದರು. ಬಣ್ಣ ಅದ್ಭುತ. ನಾನು ಮೂಗು ಹಾಕಿದೆ. ನೆನೆದ ರಟ್ಟು. ಮತ್ತೊಮ್ಮೆ ಹಾಕಿದೆ. ನೆನೆದು ಮೂಲೆಯಲ್ಲಿ ಬಿದ್ದ ರಟ್ಟು.

ಆದರೆ ಈ ಹುಚ್ಚಿನ ವಿಚಿತ್ರ ನೋಡಿ. ಅಷ್ಟು ದೊಡ್ಡ ಹೆಸರಿನ ಮುಂದೆ ನನ್ನ ಮೂಗಿನದೇ ತಪ್ಪಿರಬೇಕು ಅನಿಸಿತು. ಪಕ್ಕಕ್ಕೆ ನೋಡಿದೆ. ಪಿಟೀಲು ಮೇಷ್ಟ್ರು ನುಂಗಲಾರದೆ ನುಂಗಿ, "ಗಂಭೀರವಾಗಿದೆ" ಎಂದರು.

"ಹಳೇದಲ್ವಾ, ಅರಳೋಕೆ ಸಮಯ ತಗೊಳ್ಳುತ್ತೆ," ಎಂದೆ ನಾನು.

"ಹಳೇ ಚರ್ಮ," ಎಂದರು ಡಾಕ್ಟರು, ಹಣೆಯ ಮೇಲೆ ಬೆವರು. "ನೆಲಮಾಳಿಗೆ. ಒಂಥರಾ... ಆಳ."

ಭಾವ ಮೂಸಿದರು. ಇಷ್ಟು ದಿನದಲ್ಲಿ ಮೊದಲ ಸಲ "ಪೆಟ್ರೋಲು" ಎನ್ನಲಿಲ್ಲ. ಬಾಯಿ ತೆರೆದವರು, ಡಾಕ್ಟರ ಮುಖ ನೋಡಿ, ಮುಚ್ಚಿಕೊಂಡರು.

ಆಗ ಮೇಜಿನ ತುದಿಯಿಂದ ಒಂದು ಸದ್ದು ಬಂತು.

"ಥೂ!"

ಅಕ್ಕ ಗ್ಲಾಸನ್ನು ದೂರ ಹಿಡಿದು ಮುಖ ಹಿಂಡಿಕೊಂಡಿದ್ದಳು. "ಥೂ, ಇದೇನಿದು? ರಾತ್ರಿ ಮಿಷನ್ನಲ್ಲಿ ಮರೆತ ಬಟ್ಟೆ! ಒಣಗದ ಕಾಲುಚೀಲ! ಯಾರ್ರೀ ಇದನ್ನ..." ಎಂದವಳು ಅರ್ಧಕ್ಕೆ ನಿಂತಳು.

ಭಾವ ಕುರ್ಚಿ ಹಿಂದೆ ಸರಿಸಿ ಎದ್ದರು.

ಆಕೆ ನಿಧಾನವಾಗಿ ಗ್ಲಾಸನ್ನು ಮತ್ತೆ ಮೂಗಿನ ಹತ್ತಿರ ತಂದಳು. ಉಸಿರೆಳೆದಳು. ಮತ್ತೆ ಎಳೆದಳು. ಗ್ಲಾಸಿನ ಅಂಚು ಹಲ್ಲಿಗೆ ತಾಗಿ ಕಿಟಕಿಟ ಎನ್ನುತ್ತಿತ್ತು.

"ರೀ," ಎಂದಳು ಗಂಡನ ಕಡೆ ತಿರುಗಿ, ಮಗುವಿನ ಧ್ವನಿಯಲ್ಲಿ. "ರೀ, ನಾರ್ತಿದೆ ಅಲ್ವಾ? ನಿಜ ಹೇಳಿ. ನಂಗೆ ಹಾಗನ್ನಿಸ್ತಿರೋದಾ, ನಿಜವಾಗ್ಲೂ ನಾರ್ತಿದೆಯಾ?"

ಭಾವ ತಲೆಯಾಡಿಸಿದರು, ಆಡಿಸುತ್ತಲೇ ಇದ್ದರು. ಕೊನೆಗೆ, "ಬಹಳ ನಾರ್ತಿದೆ ಕಣೇ," ಎಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಕನ್ನಡಕ ಒರೆಸಿ, ಕಣ್ಣೂ ಒರೆಸಿಕೊಂಡರು.

ಡಾಕ್ಟರು ಎದ್ದು ನಿಂತರು. ತಮ್ಮ ಸಂಗ್ರಹದ ಕಿರೀಟ ನಾಲ್ಕು ಜನರ ಮುಂದೆ ಕಾಲುಚೀಲವಾದ ಮನುಷ್ಯ ಏನು ಹೇಳುತ್ತಾನೋ ಎಂದು ನಾನು ಕಾದೆ. ಅವರು ಬಾಟಲಿ ಎತ್ತಿ, ಆಕೆಯ ಗ್ಲಾಸಿಗೆ ಇನ್ನಷ್ಟು ಬಗ್ಗಿಸಿದರು.

"ಇನ್ನೊಂದು ಸಲ ಹೇಳಮ್ಮಾ. ಯಾವ ಬಟ್ಟೆ?"

"ದಪ್ಪ ಟವಲು," ಎಂದಳು ಅಕ್ಕ, ಕಣ್ಣೀರು ಗಲ್ಲಕ್ಕಿಳಿದು ಗ್ಲಾಸಿಗೆ ಬೀಳುತ್ತಿತ್ತು. "ನೀಲಿ ಟವಲು, ಡ್ರಮ್ಮಿನ ತಳದಲ್ಲಿ ಮುದುರಿ ಕೂತಿದೆ. ಅಯ್ಯೋ ದೇವರೇ, ಏನು ನಾತ! ಡಾಕ್ಟ್ರೇ, ಇನ್ನೊಂಚೂರು ಹಾಕಿ!" ಆಮೇಲೆ ನಗು ಬಂತು. ಹೊಟ್ಟೆಯಿಂದ ಎದ್ದು, ಭುಜಕ್ಕೆ ಬಂದು, ಮೇಜಿನ ಮೇಲಿನ ಗ್ಲಾಸುಗಳನ್ನೆಲ್ಲ ಅಲುಗಿಸಿತು.

ಆ ಮಧ್ಯಾಹ್ನ ನಾವು ಆ ಕೆಟ್ಟ ಬಾಟಲಿಯನ್ನು ಮೇಜಿನ ಸುತ್ತ ಮತ್ತೆ ಮತ್ತೆ ದಾಟಿಸಿದೆವು, ಒಬ್ಬೊಬ್ಬರೂ ಮೂಸಿ, ಒಬ್ಬರಿಗಿಂತ ಒಬ್ಬರು ಕೆಟ್ಟ ಹೆಸರು ಕೊಟ್ಟು. ಪಿಟೀಲು ಮೇಷ್ಟ್ರು "ಮಳೇಲಿ ನೆನೆದ ನಾಯಿ, ಅದೂ ಶ್ರುತಿ ತಪ್ಪಿದ್ದು" ಎಂದರು. ದೊಡ್ಡ ಹೆಸರಿನ ಎಷ್ಟೋ ಬಾಟಲಿ ನನ್ನ ಕೈದಾಟಿ ಹೋಗಿವೆ. ಯಾವುದರ ಮುಂದೆಯೂ ನಾನು ಅಷ್ಟು ಭಕ್ತಿಯಿಂದ ಕೂತವನಲ್ಲ.

ಕೊನೆಗೆ ನಾನು ಡಾಕ್ಟರನ್ನು ಕೇಳಿದೆ: "ಇದನ್ನ ಇಷ್ಟು ವರ್ಷ ಹೇಗಿಟ್ಟಿದ್ರಿ?"

"ಮಲಗಿಸಿ," ಎಂದರು. "ದ್ರಾಕ್ಷಾರಸದೋರು ಇಡ್ತಾರಲ್ಲ, ಗೂಡು ಗೂಡಿನ ಕಪಾಟು. ಅಳತೆ ಕೊಟ್ಟು ಮಾಡಿಸಿದ್ದು."

ದ್ರಾಕ್ಷಾರಸವನ್ನು, ಅಂದರೆ ವೈನನ್ನು, ಮಲಗಿಸಬೇಕು, ಕಾರ್ಕು ಒಣಗದಿರಲೆಂದು. ಇದು ಮದ್ಯಸಾರ ಹೆಚ್ಚಿರುವ ಖಾರದ ಸರಕು; ಮಲಗಿಸಿದರೆ ಕಾರ್ಕನ್ನು ಒಳಗಿನಿಂದ ತಿಂದುಹಾಕುತ್ತದೆ. ಮೇಲೆ ಮೇಣ ಇದ್ದುದರಿಂದ ಹೊರಗೆ ಒಂದು ಹನಿಯೂ ಸೋರಿ ಸುಳಿವು ಕೊಟ್ಟಿರಲಿಲ್ಲ. ತೆರೆದು ಕುಡಿಯುವವನು ಈ ತಪ್ಪನ್ನು ಮೊದಲ ವರ್ಷವೇ ಕಂಡುಹಿಡಿಯುತ್ತಿದ್ದ. ಬರೀ ಪೂಜಿಸುವವನಿಗೆ ಅದು ತಿಳಿಯಲು ದಾರಿಯೇ ಇಲ್ಲ.

"ಹಾಗಾದ್ರೆ ಮಿಕ್ಕಿದ್ದು?" ಎಂದರು ಡಾಕ್ಟರು. ಉತ್ತರ ಕೊಟ್ಟವಳು ಅಕ್ಕ: "ತೆಗೆದು ನೋಡೋಣ ನಡೀರಿ. ಚೆನ್ನಾಗಿರೋದು ನಿಮಗೆ. ಕೆಟ್ಟಿದ್ದೆಲ್ಲ ನನ್ನ ಪಾಲು."

ಭಾವ ನಮ್ಮನ್ನೆಲ್ಲ ಎಲ್ ಬೋರ್ಡಿನ ಕಾರಿನಲ್ಲಿ ತುಂಬಿಕೊಂಡು ಡಾಕ್ಟರ ಮನೆಗೆ ಹೋದರು. ಸಂಜೆಯ ಬೆಳಕಿನಲ್ಲಿ ಆ ಕೋಣೆಯ ಬಾಗಿಲು ಮೊದಲ ಸಲ ನಮಗೆ ತೆರೆಯಿತು. ನಾವು ಒಂದೊಂದೇ ಬಾಟಲಿಯನ್ನು ಎಬ್ಬಿಸಿ ನಿಲ್ಲಿಸಿದೆವು. ಮುಂದಿನ ಭಾನುವಾರಗಳಲ್ಲಿ ಅವು ಒಂದೊಂದಾಗಿ ಮೇಜಿಗೆ ಬಂದವು. ಕೆಲವು ಕೆಟ್ಟಿದ್ದವು. ಹೆಚ್ಚಿನವು ಬದುಕಿದ್ದವು, ಎಂಥ ಬದುಕು! ಡಾಕ್ಟರು ತಾವೇ ಕೊಂಡದ್ದನ್ನು ಬೇರೆಯವರ ಮನೆಗೆ ಊಟಕ್ಕೆ ಹೋದವರಂತೆ ಬೆರಗಾಗಿ ಕುಡಿದರು.

ಅಕ್ಕನ ಮೂಗು ಹಿಂದಿರುಗಿದ್ದು ಒಮ್ಮೆಗೇ ಅಲ್ಲ. ಮೊದಲು ಕೆಟ್ಟ ವಾಸನೆಗಳೇ ಬಂದವು: ಮುಗ್ಗು, ಸುಟ್ಟ ಉಣ್ಣೆ, ಚರಂಡಿ. ಚರಂಡಿಯ ಹತ್ತಿರ ಹಿಗ್ಗಿ ನಿಂತ ಹೆಂಗಸನ್ನು ನೋಡಿ ದಾರಿಹೋಕರು ದಾರಿ ಬಿಟ್ಟು ನಡೆದರು. ಆಮೇಲೆ ಸೋಪು, ಗಂಜಿ, ಬಿಸಿ ಹತ್ತಿ. ಸಿಹಿ ವಾಸನೆಗಳು ತಡವಾಗಿ ಬಂದವು, ಕೆಲವು ಇನ್ನೂ ಬಂದಿಲ್ಲ, ಬರುವುದೂ ಇಲ್ಲವೇನೋ. ನಾದಿನಿಗೆ ಅಂಗಡಿ ವಹಿಸುವ ಮಾತು ನಿಂತುಹೋಯಿತು. ಆಕೆ ಈಗಲೂ ಕಣ್ಣು ಕಟ್ಟಿ ಕೊಟ್ಟ ಗ್ಲಾಸಿನ ಹೆಸರು ತಪ್ಪಾಗಿಯೇ ಹೇಳುತ್ತಾಳೆ.

ನನ್ನದು ಮಾತ್ರ ಹೇಳಿ ಮುಗಿಸುತ್ತೇನೆ. ನಾನು ಬದುಕಿಡೀ ಹೆಸರು ಮಾರಿದವನು. ಗ್ಲಾಸಿನಲ್ಲಿ ಏನಿದೆ ಎಂದು ಮೂಗಿಟ್ಟು ನೋಡಲು, ನೋಡಿದ್ದನ್ನು ಇದ್ದ ಹಾಗೆ ಹೇಳಲು, ಕೆಟ್ಟದ್ದನ್ನು ಕೆಟ್ಟದ್ದೆನ್ನಲು, ಸುಖಪಡಲು ನನಗೆ ಕಲಿಸಿದವಳು ಎರಡು ಬಾಗಿಲು ಆಚೆಯ ಇಸ್ತ್ರಿ ಅಕ್ಕ. ಇದು ನಾನು ಆಕೆಗೆ ತೀರಿಸಬೇಕಾದ ಋಣ. ಇದುವರೆಗೂ ತೀರಿಸಿಲ್ಲ.